ಲಂಡನ್–ಪ್ಯಾರಿಸ್: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನಲ್ಲಿ ಓದುವ ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರು, ಕಂಪನಿ ಕೆಲಸಕ್ಕೆ ಯೂರೋಪಿಗೆ ಹೋಗುವವರು, ಹತ್ತು ದಿನದ ರಜೆಯಲ್ಲಿ ಎರಡೂ ಊರು ನೋಡಿ ಬರಬೇಕೆನ್ನುವವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಲೆಕ್ಕ, ಚರಿತ್ರೆ ಎಲ್ಲ ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ಉತ್ತರ ಪೂರ್ತಿ ಸಿಗುತ್ತದೆ.

## ಮೊದಲು ತಿಳಿಯಬೇಕಾದ್ದು

ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ಕಿಲೋಮೀಟರ್? ಒಂದೊಂದು ಕಡೆ ಒಂದೊಂದು ಹಾಕಿರ್ತಾರಲ್ಲ?

ನೆಲದ ಮೇಲೆ ನೇರ ಗೆರೆ ಎಳೆದರೆ ಸುಮಾರು 344 ಕಿ.ಮೀ. ಮೈಲಿಯಲ್ಲಿ 214, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 186. ನಮ್ಮ ಬೆಂಗಳೂರು–ಹುಬ್ಬಳ್ಳಿ ನಡುವಿನ ನೇರ ದೂರಕ್ಕಿಂತ ಇದು ಸ್ವಲ್ಪ ಕಡಿಮೆಯೇ.

ಬೇರೆ ಬೇರೆ ಅಂಕಿ ಕಾಣುವುದಕ್ಕೆ ಕಾರಣ, ಅಳೆದ ದಾರಿಯೇ ಬೇರೆ ಬೇರೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಸುಮಾರು 348 ಕಿ.ಮೀ. ರಸ್ತೆಯಲ್ಲಿ, ಕಡಲಡಿಯ ಸುರಂಗದ ದಾರಿಯೂ ಸೇರಿ ಸುಮಾರು 460. ರೈಲು ಹಳಿಯ ಲೆಕ್ಕದಲ್ಲಿ 492. ಇವುಗಳಲ್ಲಿ ಯಾವುದೂ ತಪ್ಪಲ್ಲ. ಯಾರಾದರೂ ಒಂದು ಅಂಕಿ ಹೇಳಿದರೆ 'ಎಲ್ಲಿಂದ ಎಲ್ಲಿಗೆ, ಯಾವ ದಾರಿ' ಅಂತ ಕೇಳಿಕೊಳ್ಳಿ. ಅಷ್ಟು ಕೇಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಊರಿನ ಮಧ್ಯ ಅಂದ್ರೆ ಯಾವ ಜಾಗ?

ಲಂಡನ್ನಿನಲ್ಲಿ ಚೇರಿಂಗ್ ಕ್ರಾಸ್ ಬಳಿ ಒಂದನೇ ಚಾರ್ಲ್ಸ್ ದೊರೆಯ ಕುದುರೆ ಸವಾರಿಯ ಪ್ರತಿಮೆ ಇದೆ. ರಸ್ತೆ ದೂರಗಳನ್ನು ಅಲ್ಲಿಂದ ಅಳೆಯುವುದು ರೂಢಿ. ಪ್ಯಾರಿಸ್ಸಿನಲ್ಲಿ ನೋತ್ರ್ ದಾಮ್ ಇಗರ್ಜಿಯ ಮುಂದಿನ ಅಂಗಳದಲ್ಲಿ ನೆಲಕ್ಕೆ ಕೂರಿಸಿದ ಕಂಚಿನ ಗುರುತು ಇದೆ, ಅದೇ ಅಲ್ಲಿನ ಸೊನ್ನೆ ಬಿಂದು. ಎರಡೂ ಕಡೆ ಜನ ಅದರ ಮೇಲೆ ಗಮನವಿಲ್ಲದೆ ಓಡಾಡುತ್ತಿರುತ್ತಾರೆ. ಹೋದಾಗ ನಿಂತು ನೋಡಿ.

ವಿಮಾನದಲ್ಲಿ ಎಷ್ಟು ಹೊತ್ತಾಗುತ್ತೆ?

ಟಿಕೆಟ್ಟಿನಲ್ಲಿ ಒಂದೂಕಾಲು ಗಂಟೆಯಿಂದ ಒಂದು ಗಂಟೆ ಇಪ್ಪತ್ತೈದು ನಿಮಿಷದವರೆಗೆ ಹಾಕಿರುತ್ತಾರೆ. ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆಯ ಆಸುಪಾಸು ಮಾತ್ರ. ಉಳಿದದ್ದು ನೆಲದ ಮೇಲೆ ಉರುಳುವುದರಲ್ಲೇ ಹೋಗುತ್ತದೆ.

ಹೋಗುವಾಗ ಎರಡೂಕಾಲು ಗಂಟೆ, ಬರುವಾಗ ಇಪ್ಪತ್ತೇ ನಿಮಿಷ ಅಂತ ಟಿಕೆಟ್‌ನಲ್ಲಿದೆ. ಏನೋ ತಪ್ಪಾಗಿದೆಯಾ?

ತಪ್ಪಿಲ್ಲ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಯಾವಾಗಲೂ ಒಂದು ಗಂಟೆ ಮುಂದೆ. ಬೆಳಿಗ್ಗೆ 10:00ಕ್ಕೆ ಲಂಡನ್ ಬಿಟ್ಟು 1 ಗಂಟೆ 20 ನಿಮಿಷ ಹಾರಿದರೆ ಲಂಡನ್ ಗಡಿಯಾರದಲ್ಲಿ 11:20, ಪ್ಯಾರಿಸ್ಸಿನಲ್ಲಿ 12:20. ವಾಪಸ್ ಬರುವಾಗ ಅದೇ ಒಂದು ಗಂಟೆ ಕೈಗೆ ಸಿಗುತ್ತದೆ. ಮಧ್ಯಾಹ್ನ 1:00ಕ್ಕೆ ಹೊರಟವರು 1:20ಕ್ಕೆ ಇಳಿಯುತ್ತಾರೆ.

ಬೇಸಿಗೆ ಸಮಯ ಬಂದರೂ ಈ ಅಂತರ ಬದಲಾಗುವುದಿಲ್ಲ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಎರಡೂ ದೇಶಗಳು ಒಂದೇ ಕ್ಷಣದಲ್ಲಿ ಗಡಿಯಾರ ತಿರುಗಿಸುತ್ತವೆ. ಮನೆಗೆ ಫೋನ್ ಮಾಡುವವರಿಗೆ: ನಮ್ಮ ಗಡಿಯಾರ ಚಳಿಗಾಲದಲ್ಲಿ ಲಂಡನ್ನಿಗಿಂತ ಐದೂವರೆ ಗಂಟೆ, ಪ್ಯಾರಿಸ್ಸಿಗಿಂತ ನಾಲ್ಕೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಎರಡರಲ್ಲೂ ಒಂದೊಂದು ಗಂಟೆ ಕಳೆಯಿರಿ.

ಲಂಡನ್‌ನಲ್ಲಿ ಅಷ್ಟೊಂದು ಏರ್‌ಪೋರ್ಟ್ ಇವೆ. ಯಾವುದರಿಂದ ಹೋದರೆ ಹತ್ತಿರ?

ಆಕಾಶದ ಲೆಕ್ಕದಲ್ಲಿ ಗ್ಯಾಟ್ವಿಕ್ ಹತ್ತಿರ. ಅಲ್ಲಿಂದ ಶಾರ್ಲ್ ದ ಗಾಲ್‌ಗೆ ಸುಮಾರು 308 ಕಿ.ಮೀ. ಹೀಥ್ರೂದಿಂದ 348, ಲಂಡನ್ನಿನ ಉತ್ತರಕ್ಕಿರುವ ಲೂಟನ್‌ನಿಂದ 380. ಆದರೆ ಇಂಥ ಸಣ್ಣ ಹಾರಾಟದಲ್ಲಿ ಎಪ್ಪತ್ತು ಕಿಲೋಮೀಟರ್ ಅಂದರೆ ಐದಾರು ನಿಮಿಷದ ಮಾತು. ನೀವು ಉಳಿದುಕೊಂಡ ಮನೆಯಿಂದ ನಿಲ್ದಾಣ ಮುಟ್ಟಲು ಎಷ್ಟು ಹೊತ್ತು ಅನ್ನುವುದೇ ಮುಖ್ಯ. ದಕ್ಷಿಣದ ಕ್ರಾಯ್ಡನ್ ಕಡೆ ಇರುವವರಿಗೆ ಗ್ಯಾಟ್ವಿಕ್, ಪಶ್ಚಿಮದ ಹೌನ್ಸ್‌ಲೋ, ಹ್ಯಾರೋ ಕಡೆಯವರಿಗೆ ಹೀಥ್ರೂ ಅನುಕೂಲ.

ಇಳಿಯುವ ಕಡೆಯೂ ಇದನ್ನೇ ನೋಡಿ. ಶಾರ್ಲ್ ದ ಗಾಲ್ ಪ್ಯಾರಿಸ್ಸಿನ ಈಶಾನ್ಯಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿದೆ. ಪ್ಯಾರಿಸ್ಸಿನ ಇನ್ನೊಂದು ನಿಲ್ದಾಣ ಓರ್ಲಿ ದಕ್ಷಿಣಕ್ಕಿದೆ, ಊರಿಗೆ ಇನ್ನೂ ಹತ್ತಿರ.

## ಹೊರಡುವ ಮುನ್ನ

ನಿಜ ಹೇಳಿ, ರೈಲು ವಾಸಿಯೋ ವಿಮಾನ ವಾಸಿಯೋ?

ಲಂಡನ್ ಊರೊಳಗಿಂದ ಪ್ಯಾರಿಸ್ ಊರೊಳಕ್ಕೆ ಹೋಗುವವರಿಗೆ ರೈಲೇ ವಾಸಿ. ಇದನ್ನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಲೆಕ್ಕ ಹಾಕಿ ನೋಡೋಣ.

ವಿಮಾನ: ಊರ ಮಧ್ಯದಿಂದ ಹೀಥ್ರೂಗೆ ಎಲಿಜಬೆತ್ ಲೈನ್ ರೈಲಿನಲ್ಲಿ ನಡಿಗೆ ಸೇರಿ ಮುಕ್ಕಾಲು ಗಂಟೆ. ಎರಡು ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಒಂದು ಗಂಟೆ ಇಪ್ಪತ್ತು ನಿಮಿಷ. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜು, ಮತ್ತೆ ಮುಕ್ಕಾಲು ಗಂಟೆ. ಅಲ್ಲಿಂದ ಆರ್‌ಇಆರ್ ಬಿ ರೈಲಿನಲ್ಲಿ ಊರೊಳಗಿನ ಗಾರ್ ದು ನಾರ್ ಸ್ಟೇಷನ್ನಿಗೆ ಅರ್ಧ ಗಂಟೆಯ ಮೇಲೆ. ಒಟ್ಟು ಐದೂಕಾಲು ಗಂಟೆ ದಾಟಿತು.

ರೈಲು: ಊರೊಳಗಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿಗೆ ಇಪ್ಪತ್ತು ನಿಮಿಷ. ಒಂದೂಕಾಲು ಗಂಟೆ ಮುಂಚೆ ಇದ್ದರೆ ನಿರಾಳ. ಕಡಲಡಿಯ ಸುರಂಗದಲ್ಲಿ ಹೋಗುವ ಯೂರೋಸ್ಟಾರ್ ರೈಲಿನ ಓಟ, ಅತಿ ವೇಗದ್ದಾದರೆ 2 ಗಂಟೆ 16 ನಿಮಿಷ. ಇಳಿದದ್ದೇ ಗಾರ್ ದು ನಾರ್‌ನಲ್ಲಿ, ಅಂದರೆ ಪ್ಯಾರಿಸ್ ಒಳಗೇ. ಹೆಚ್ಚೆಂದರೆ ನಾಲ್ಕು ಗಂಟೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಬ್ರಿಟನ್ ಬಿಡುವ ತಪಾಸಣೆ, ಫ್ರಾನ್ಸ್ ಒಳಗೆ ಹೋಗುವ ತಪಾಸಣೆ, ಎರಡೂ ಸೇಂಟ್ ಪ್ಯಾಂಕ್ರಸ್‌ನಲ್ಲೇ ಮುಗಿಯುತ್ತವೆ. ಫ್ರೆಂಚ್ ಪೊಲೀಸರು ಲಂಡನ್ನಿನಲ್ಲೇ ಕೂತು ನಿಮ್ಮ ಪಾಸ್‌ಪೋರ್ಟಿಗೆ ಒಪ್ಪಿಗೆ ಕೊಡುತ್ತಾರೆ. ಪ್ಯಾರಿಸ್ಸಿನಲ್ಲಿ ಬಾಗಿಲು ತೆರೆದರೆ ಇಳಿದು ನಡೆಯುವುದಷ್ಟೇ ಕೆಲಸ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ.

ಆದರೆ ಬೆಂಗಳೂರಿನಿಂದ ಬಂದು ಹೀಥ್ರೂದಲ್ಲಿಳಿದು ಅದೇ ಟಿಕೆಟ್ಟಿನಲ್ಲಿ ಪ್ಯಾರಿಸ್ಸಿಗೆ ಮುಂದುವರಿಯುವವರು, ಅಥವಾ ಪ್ಯಾರಿಸ್ಸಿನಲ್ಲಿ ಬೇರೆ ವಿಮಾನ ಹಿಡಿಯಬೇಕಾದವರು ವಿಮಾನದಲ್ಲೇ ಹೋಗಲಿ. ಅಂಥವರಿಗೆ ಊರೊಳಗೆ ಬಂದು ಹೋಗುವುದೇ ವ್ಯರ್ಥ ಸುತ್ತು. ದುಡ್ಡಿನ ಮಾತೂ ಇದೆ: ಕೊನೆ ಗಳಿಗೆಯಲ್ಲಿ ಕೊಂಡರೆ ರೈಲು ಟಿಕೆಟ್ ಬಹಳ ದುಬಾರಿ. ತಾರೀಖು ಗಟ್ಟಿಯಾದ ದಿನವೇ ಕೊಂಡುಬಿಡಿ.

ಒಂದೇ ವೀಸಾದಲ್ಲಿ ಎರಡೂ ಊರು ಆಗುತ್ತಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಆಗುವುದಿಲ್ಲ. ಲಂಡನ್ನಿಗೆ ಬ್ರಿಟನ್ ವೀಸಾ, ಪ್ಯಾರಿಸ್ಸಿಗೆ ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ. ಎರಡನ್ನೂ ಊರು ಬಿಡುವ ಮುಂಚೆಯೇ ಮಾಡಿಸಿಕೊಳ್ಳಿ. 'ಲಂಡನ್ನಿಗೆ ಹೋದ ಮೇಲೆ ಅಲ್ಲಿಂದಲೇ ಷೆಂಗೆನ್‌ಗೆ ಅರ್ಜಿ ಹಾಕೋಣ' ಅನ್ನುವ ಯೋಜನೆ ಪ್ರವಾಸಿಗಳಿಗೆ ಸಾಗುವುದಿಲ್ಲ; ಸಾಮಾನ್ಯವಾಗಿ ನೀವು ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕು. ಬ್ರಿಟನ್ನಿನಲ್ಲಿ ಓದುವ, ಕೆಲಸ ಮಾಡುವ ಮಕ್ಕಳು ಅಲ್ಲಿಂದಲೇ ಹಾಕಬಹುದು.

ಲಂಡನ್–ಪ್ಯಾರಿಸ್–ಲಂಡನ್ ಅಂತ ಹೋಗಿ ಬರುವುದಾದರೆ ಬ್ರಿಟನ್ನಿಗೆ ಎರಡನೇ ಸಲ ಕಾಲಿಡುತ್ತೀರಿ. ನಿಮ್ಮ ವೀಸಾದಲ್ಲಿ ಅದಕ್ಕೆ ಅವಕಾಶ ಇದೆಯೇ ಎಂದು ಓದಿ ನೋಡಿ. 2025ರ ಅಕ್ಟೋಬರ್‌ನಿಂದ ಯೂರೋಪಿಯನ್ ಒಕ್ಕೂಟದ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಪ್ರಯಾಣಿಕರ ವಿವರ ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಹಂತ ಹಂತವಾಗಿ ಶುರುವಾಗಿದೆ. ಮೊದಲ ಸಲ ಹೋಗುವವರು ಸ್ವಲ್ಪ ಹೊತ್ತು ಜಾಸ್ತಿ ಇಟ್ಟುಕೊಳ್ಳಿ.

ಬೆಂಗಳೂರಿಂದ ಹೋಗೋರು ಯಾವ ಊರಿಗೆ ಮೊದಲು ಹೋಗಬೇಕು?

ಯಾವುದಕ್ಕಾದರೂ ಸರಿ, ಬೆಂಗಳೂರಿನಿಂದ ಎರಡೂ ಊರಿಗೆ ನೇರ ವಿಮಾನ ಇದೆ, ಎರಡೂ ಸುಮಾರು 8,000 ಕಿ.ಮೀ. ದೂರ. ಆದರೆ ಒಂದರಲ್ಲಿ ಇಳಿದು ಇನ್ನೊಂದರಿಂದ ವಾಪಸ್ ಹತ್ತುವಂತೆ ಟಿಕೆಟ್ ಮಾಡಿಸಿ. ಏಜೆಂಟರಿಗೆ 'ಲಂಡನ್ನಿಗೆ ಹೋಗಿ ಪ್ಯಾರಿಸ್ಸಿಂದ ವಾಪಸ್' ಅಂತ ಹೇಳಿದರೆ ಅರ್ಥವಾಗುತ್ತದೆ. ಇದರಿಂದ ಲಂಡನ್ನಿಗೆ ಮತ್ತೆ ತಿರುಗಿ ಬರುವ ಒಂದು ದಿನ ಉಳಿಯುತ್ತದೆ. ಬ್ರಿಟನ್ನಿನ ಎರಡನೇ ಪ್ರವೇಶದ ಚಿಂತೆಯೂ ಇರುವುದಿಲ್ಲ.

ಮಗಳು ಪ್ಯಾರಿಸ್‌ನಲ್ಲಿದ್ದಾಳೆ. ಲಂಡನ್‌ನಿಂದ ತುಪ್ಪ, ಉಪ್ಪಿನಕಾಯಿ ತಗೊಂಡು ಹೋಗಬಹುದಾ?

ಉಪ್ಪಿನಕಾಯಿ ಸರಿ. ತುಪ್ಪ ಬೇಡ. ಬ್ರಿಟನ್ ಯೂರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ ಅಲ್ಲಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಫ್ರಾನ್ಸಿಗೆ ಒಯ್ಯುವಂತಿಲ್ಲ. ಬೆಣ್ಣೆ, ತುಪ್ಪ, ಧಾರವಾಡ ಪೇಡ ಎಲ್ಲ ಇದರಲ್ಲೇ ಬರುತ್ತವೆ. ಲಂಡನ್ನಿನ ಅಂಗಡಿಯಲ್ಲಿ ಕೊಂಡ ತುಪ್ಪಕ್ಕೂ ಇದೇ ನಿಯಮ. ಭಾರತದಿಂದ ಬ್ರಿಟನ್ನಿಗೂ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಒಯ್ಯಿರಿ.

ವಿಮಾನದಲ್ಲಾದರೆ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ. ಎಣ್ಣೆ ಇರುವುದನ್ನು ದ್ರವದ ಲೆಕ್ಕಕ್ಕೆ ಹಿಡಿಯುತ್ತಾರೆ. ಯೂರೋಸ್ಟಾರ್ ರೈಲಿನಲ್ಲಿ ದ್ರವಕ್ಕೆ 100 ಮಿ.ಲೀ. ಮಿತಿ ಇಲ್ಲ.

ಕಾರಲ್ಲಿ ಹೋಗೋಕಾಗುತ್ತಾ? ಮಧ್ಯೆ ಸಮುದ್ರ ಇದೆಯಲ್ಲ?

ಆಗುತ್ತದೆ. ಇಂಗ್ಲೆಂಡಿನ ಕಡಲತೀರದ ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿನೊಳಕ್ಕೆ ಓಡಿಸಿ ನಿಲ್ಲಿಸುತ್ತೀರಿ. ಸುರಂಗದ ಉದ್ದ ಸುಮಾರು 50.5 ಕಿ.ಮೀ., ಅದರಲ್ಲಿ 38 ಕಿ.ಮೀ. ಕಡಲಡಿಯಲ್ಲೇ ಇದೆ. 35 ನಿಮಿಷದಲ್ಲಿ ಫ್ರಾನ್ಸಿನ ಕಲೇ ಊರಿನ ಹತ್ತಿರ ಹೊರಬರುತ್ತೀರಿ. ಇಲ್ಲವಾದರೆ ಡೋವರ್‌ನಿಂದ ಒಂದೂವರೆ ಗಂಟೆಯ ಹಡಗು. ಎಲ್ಲ ಸೇರಿ ಆರು ಗಂಟೆ ಅಂತ ಇಟ್ಟುಕೊಳ್ಳಿ.

ಸುರಂಗ ದಾಟಿದ ಕೂಡಲೇ ರಸ್ತೆಯ ಬಲಗಡೆ ಓಡಿಸಬೇಕು. ನಮ್ಮಂತೆ ಎಡಗಡೆ ಓಡಿಸಿ ರೂಢಿಯಾದವರಿಗೆ ಮೊದಲ ವೃತ್ತ ಬಳಸುವಾಗ ಮೈಯೆಲ್ಲ ಎಚ್ಚರ ಬೇಕು. ಬಾಡಿಗೆ ಕಾರಾದರೆ ದೇಶ ದಾಟಿಸಲು ಒಪ್ಪಿಗೆ ಇದೆಯೇ ಎಂದು ಬರಹದಲ್ಲಿ ಪಡೆಯಿರಿ.

ಫ್ಲೈಟ್ ಲೇಟಾದರೆ ದುಡ್ಡು ಕೊಡ್ತಾರಂತೆ, ನಿಜವಾ?

ನಿಜ, ಮತ್ತು ಇದನ್ನು ಕೇಳಿ ಪಡೆಯಬೇಕು. 1,500 ಕಿ.ಮೀ. ಒಳಗಿನ ಹಾರಾಟ ಮೂರು ಗಂಟೆ ಅಥವಾ ಅದಕ್ಕೂ ತಡವಾಗಿ ಮುಟ್ಟಿದರೆ ಪ್ಯಾರಿಸ್ಸಿನಿಂದ ಹೊರಟದ್ದಕ್ಕೆ ಯೂರೋಪಿನ ನಿಯಮದಂತೆ 250 ಯೂರೋ, ಲಂಡನ್ನಿನಿಂದ ಹೊರಟದ್ದಕ್ಕೆ ಬ್ರಿಟನ್ ನಿಯಮದಂತೆ 220 ಪೌಂಡ್. ಕೆಟ್ಟ ಹವಾಮಾನದಂಥ, ಕಂಪನಿಯ ಕೈಮೀರಿದ ಕಾರಣವಾದರೆ ಈ ಪರಿಹಾರ ಇಲ್ಲ. ಆದರೆ ಎರಡು ಗಂಟೆ ದಾಟಿದರೆ ಊಟ ತಿಂಡಿಯ ಹೊಣೆ ಕಾರಣ ಏನೇ ಇದ್ದರೂ ಅವರದೇ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

## ಇನ್ನೂ ತಿಳಿಯಬೇಕೆನ್ನುವವರಿಗೆ

ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತೆ ಅಂತಾರೆ. ಹಾಗಾದರೆ 348 ಕಿ.ಮೀ.ಗೆ 26 ನಿಮಿಷ ಸಾಕಲ್ವಾ?

ಭಾಗಾಕಾರ ಸರಿ. ಆದರೆ ವಿಮಾನ ಆ ವೇಗದಲ್ಲಿ ಇರುವುದು ಬಹಳ ಕಡಿಮೆ ಹೊತ್ತು.

ಹೀಥ್ರೂದಲ್ಲಿ ಇರುವುದು ಎರಡೇ ರನ್‌ವೇ. ಬಾಗಿಲು ಹಾಕಿ ಹಿಂದೆ ಸರಿದ ಮೇಲೆ ಸಾಲಿನಲ್ಲಿ ನಿಂತು ನಿಂತು ಮುಂದೆ ಹೋಗುವುದಕ್ಕೇ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ವಿಮಾನ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಮುಖ ಮಾಡಿ ಏರುತ್ತದೆ. ಪ್ಯಾರಿಸ್ ಇರುವುದು ಆಗ್ನೇಯಕ್ಕೆ. ಹಾಗಾಗಿ ಮೊದಲು ಪ್ಯಾರಿಸ್ಸಿಗೆ ಬೆನ್ನು ಮಾಡಿ ಹೋಗಿ, ತಿರುಗಿ, ಗೊತ್ತುಮಾಡಿದ ವಾಯುಮಾರ್ಗ ಸೇರಬೇಕು. ಎತ್ತರಕ್ಕೆ ಏರಿ ಸಮವಾದ ಸ್ವಲ್ಪ ಹೊತ್ತಿಗೇ ಇಳಿಯುವ ಸಿದ್ಧತೆ. ಗಗನಸಖಿಯರು ನೀರಿನ ಲೋಟ ಕೊಟ್ಟು, ಅದೇ ಓಟದಲ್ಲಿ ಖಾಲಿ ಲೋಟ ತೆಗೆದುಕೊಂಡು ಬರುವುದನ್ನು ನೋಡಿದರೆ ಹಾರಾಟ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ.

ವಾಪಸ್ ಬರುವಾಗ ಇನ್ನೊಂದು ಅಡ್ಡಿ. ಹೀಥ್ರೂದಲ್ಲಿ ಇಳಿಯಲು ಜಾಗ ಸಿಗುವವರೆಗೆ ವಿಮಾನಗಳನ್ನು ಊರ ಹೊರಗೆ ನಾಲ್ಕು ಕಡೆ ಸುತ್ತಿಸುತ್ತಾರೆ: ಬೋವಿಂಗ್ಡನ್, ಲ್ಯಾಂಬೋರ್ನ್, ಬಿಗ್ಗಿನ್ ಹಿಲ್, ಓಕಮ್. ಒಂದರ ಮೇಲೊಂದು, ಸಾವಿರ ಸಾವಿರ ಅಡಿ ಅಂತರದಲ್ಲಿ. ಕೆಳಗಿನದು ಇಳಿದಂತೆ ಮೇಲಿನದು ಒಂದು ಮೆಟ್ಟಿಲು ಕೆಳಗೆ ಬರುತ್ತದೆ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಕಂಪನಿಗಳು ವೇಳಾಪಟ್ಟಿಯಲ್ಲಿ ಹೊತ್ತನ್ನು ಸಡಿಲವಾಗಿ ಇಟ್ಟಿರುತ್ತವೆ.

ಪ್ಯಾರಿಸ್ ಲಂಡನ್ನಿನ ಕೆಳಗೇ ಇದೆ. ಆದರೂ ಒಂದು ಗಂಟೆ ವ್ಯತ್ಯಾಸ ಯಾಕೆ?

ಒಳ್ಳೆಯ ಪ್ರಶ್ನೆ. ಪ್ಯಾರಿಸ್ ಇರುವುದು ರೇಖಾಂಶದ ಎಣಿಕೆ ಶುರುವಾಗುವ ಲಂಡನ್ನಿನ ಗ್ರೀನಿಚ್‌ಗೆ ಪೂರ್ವದಲ್ಲಿ 2 ಡಿಗ್ರಿ 20 ನಿಮಿಷ ರೇಖಾಂಶದಲ್ಲಿ. ಸೂರ್ಯನ ಲೆಕ್ಕದಲ್ಲಿ ಒಂದು ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ನಿಜವಾದ ವ್ಯತ್ಯಾಸ 9 ನಿಮಿಷ 21 ಸೆಕೆಂಡು ಮಾತ್ರ.

1911ರವರೆಗೆ ಫ್ರಾನ್ಸ್ ತನ್ನ ಪ್ಯಾರಿಸ್ ಸಮಯವನ್ನೇ ಹಿಡಿದಿತ್ತು. ಆ ವರ್ಷದ ಕಾನೂನಿನಲ್ಲೂ ಗ್ರೀನಿಚ್ ಹೆಸರು ಬರೆಯದೆ, 'ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡು ಹಿಂದೆ' ಎಂದು ತನ್ನ ಗಡಿಯಾರವನ್ನು ಗ್ರೀನಿಚ್‌ಗೆ ಹೊಂದಿಸಿಕೊಂಡಿತು. 1940ರಲ್ಲಿ ಜರ್ಮನಿಯ ಸೇನೆ ಪ್ಯಾರಿಸ್ ಹಿಡಿದಾಗ ಬರ್ಲಿನ್ ಸಮಯವನ್ನು ಹೇರಿತು. ಯುದ್ಧ ಮುಗಿದ ಮೇಲೂ ಫ್ರಾನ್ಸ್ ಹಳೆಯ ಗಡಿಯಾರಕ್ಕೆ ಮರಳಲಿಲ್ಲ. ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಸೂರ್ಯ ಮುಳುಗುವುದಕ್ಕೂ, ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆ ಆದರೂ ಹುಟ್ಟದಿರುವುದಕ್ಕೂ ಇದು ಕಾರಣ.

ಈ ದಾರಿಯಲ್ಲಿ ಮೊದಲು ವಿಮಾನ ಹಾರಿದ್ದು ಯಾವಾಗ? ಆಗ ಎಷ್ಟು ಹೊತ್ತು ಹಿಡೀತಿತ್ತು?

1919ರ ಆಗಸ್ಟ್ 25ರಂದು ಲಂಡನ್ನಿನ ಹೌನ್ಸ್‌ಲೋ ಹೀತ್ ಬಯಲಿನಿಂದ ಪ್ಯಾರಿಸ್ಸಿನ ಲ ಬೂರ್ಜೆಗೆ ದಿನನಿತ್ಯದ ಸೇವೆ ಶುರುವಾಯಿತು. ಡಿಹ್ಯಾವಿಲೆಂಡ್ ಕಂಪನಿಯ ಸಣ್ಣ ವಿಮಾನ, ಒಬ್ಬ ಪ್ರಯಾಣಿಕ, ಜೊತೆಗೆ ಪತ್ರಿಕೆಗಳ ಕಟ್ಟು, ಚರ್ಮ, ಡೆವನ್‌ಶೈರ್ ಕೆನೆ. ಸುಮಾರು ಎರಡೂವರೆ ಗಂಟೆಯ ಹಾರಾಟ. ಇವತ್ತಿನ ರೈಲು ಅದಕ್ಕಿಂತ ಬೇಗ ಮುಟ್ಟಿಸುತ್ತದೆ.

ಆಗ ಪೈಲಟ್‌ಗಳಿಗೆ ನೆಲದ ರಸ್ತೆ, ರೈಲು ಹಳಿಗಳೇ ದಾರಿಗುರುತು. ಅದರಿಂದಲೇ ಒಂದು ದುರಂತವಾಯಿತು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನಲ್ಲಿ ಮಂಜು ಕವಿದಿದ್ದಾಗ ಎದುರುಬದುರಾಗಿ ಬಂದ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ ಎರಡರಲ್ಲಿದ್ದ ಏಳೂ ಮಂದಿ ಸತ್ತರು. ಇಂದು ವಿಮಾನಗಳಿಗೆ ಎತ್ತರ, ದಾರಿ ಎಲ್ಲ ಮೊದಲೇ ಹಂಚಿಕೊಟ್ಟಿರುವುದು, ಹತ್ತು ನಿಮಿಷ ತಡವಾದರೂ ಸುತ್ತಿಸಿಯೇ ಇಳಿಸುವುದು, ಇಂಥ ಸಾವುಗಳಿಂದ ಕಲಿತ ಎಚ್ಚರ.

ವಿಮಾನ, ಉಪಗ್ರಹ ಏನೂ ಇಲ್ಲದ ಕಾಲದಲ್ಲಿ ಈ ದೂರ ಹೇಗೆ ಅಳೆದರು?

1783ರಲ್ಲಿ ಫ್ರಾನ್ಸಿನ ನಕ್ಷೆಕಾರ ಕಸ್ಸೀನಿ ದ ತ್ಯೂರಿ, ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳ ಸ್ಥಾನದ ಲೆಕ್ಕ ತಾಳೆಯಾಗುತ್ತಿಲ್ಲ, ನೆಲದ ಮೇಲೆ ಅಳೆದು ನೋಡೋಣ ಎಂದು ಬ್ರಿಟನ್ನಿಗೆ ಮನವಿ ಕಳಿಸಿದರು. ಕೆಲಸ ವಹಿಸಿಕೊಂಡವರು ಬ್ರಿಟಿಷ್ ಸೇನೆಯ ವಿಲಿಯಂ ರಾಯ್. 1784ರಲ್ಲಿ ಅವರು ಅದೇ ಹೌನ್ಸ್‌ಲೋ ಹೀತ್ ಬಯಲಿನಲ್ಲಿ ಒಂದು ಆಧಾರರೇಖೆಯನ್ನು, ಅಂದರೆ ಮುಂದಿನ ಲೆಕ್ಕಕ್ಕೆಲ್ಲ ತಳಪಾಯವಾಗುವ ನೇರ ಗೆರೆಯನ್ನು, ಅಳೆದರು: 27,404 ಅಡಿ, ಎಂಟು ಕಿಲೋಮೀಟರಿಗೆ ತುಸು ಹೆಚ್ಚು. ಮರದ ಕೋಲುಗಳು ತೇವಕ್ಕೆ ಹಿಗ್ಗುತ್ತಿದ್ದುದರಿಂದ ಅವನ್ನು ಬಿಟ್ಟು ಗಾಜಿನ ಕೊಳವೆಗಳನ್ನು ಒಂದರ ಮುಂದೊಂದು ಇಟ್ಟು ಅಳೆದರು. ಆಮೇಲೆ ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ಕಡಲತೀರಕ್ಕೆ ಹೋಗಿ, 1787ರಲ್ಲಿ ಫ್ರೆಂಚರ ಜೊತೆಗೂಡಿ ಆಚೆ ದಡದ ದೀಪಗಳನ್ನು ನೋಡಿ ಕೋನ ಹಿಡಿದು ಎರಡು ದೇಶಗಳನ್ನು ಬೆಸೆದರು.

ಆ ಆಧಾರರೇಖೆಯ ಒಂದು ತುದಿಗೆ ಹೂತ ಫಿರಂಗಿ ಇಂದಿಗೂ ಹೀಥ್ರೂದ ಉತ್ತರ ರಸ್ತೆಯ ಪಕ್ಕದಲ್ಲಿದೆ. ಇದೇ ತ್ರಿಕೋನ ವಿಧಾನವನ್ನು ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ನಮ್ಮ ನೆಲಕ್ಕೆ ತಂದು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದರು.

ಇಷ್ಟು ಹತ್ತಿರದ ಊರುಗಳಿಗೆ ವಿಮಾನ ಬೇಕಾ? ಫ್ರಾನ್ಸ್ ನಿಷೇಧಿಸಿದೆ ಅಂತ ಕೇಳಿದ್ದೆ.

2023ರಲ್ಲಿ ಜಾರಿಯಾದ ಆ ನಿಷೇಧ ಫ್ರಾನ್ಸ್ ಒಳಗಿನ ಹಾರಾಟಗಳಿಗೆ ಮಾತ್ರ. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಮುಟ್ಟಬಹುದಾದ ಊರುಗಳಿಗೆ ವಿಮಾನ ಬೇಡ ಎಂಬುದು ಅದರ ಸಾರ. ಓರ್ಲಿಯಿಂದ ಬೋರ್ದೋ, ಲಿಯೋಂ, ನಾಂತ್ ಊರುಗಳ ಹಾರಾಟ ಹಾಗೆ ನಿಂತವು. ಲಂಡನ್ ಬೇರೆ ದೇಶವಾದ್ದರಿಂದ ಅದಕ್ಕೆ ತಗಲುವುದಿಲ್ಲ.

ವಿಮಾನ ಅತಿ ಹೆಚ್ಚು ಇಂಧನ ಸುಡುವುದು ಏರುವಾಗ. ಈ ದಾರಿಯಲ್ಲಿ ಹಾರಾಟದ ದೊಡ್ಡ ಪಾಲು ಏರುವುದೇ. ರೈಲು ಓಡುವುದು ವಿದ್ಯುತ್ತಿನಲ್ಲಿ, ಫ್ರಾನ್ಸಿನ ವಿದ್ಯುತ್ತಿನ ಹೆಚ್ಚಿನ ಪಾಲು ಪರಮಾಣು ಸ್ಥಾವರಗಳದು, ಹಾಗಾಗಿ ಹೊಗೆಯ ಲೆಕ್ಕದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಬರೀ ಈ ಎರಡು ಊರುಗಳ ನಡುವೆ ಓಡಾಡುವವರು ರೈಲನ್ನೇ ಹಿಡಿಯಲಿ ಎಂಬುದು ನನ್ನ ಆಸೆ.

ಎರಡು ಊರಿನ ನಡುವಿನ ನೇರ ದೂರ ನಾವೇ ಲೆಕ್ಕ ಹಾಕಬಹುದಾ?

ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಲಂಡನ್: ಅಕ್ಷಾಂಶ 51.507 ಉತ್ತರ, ರೇಖಾಂಶ 0.128 ಪಶ್ಚಿಮ. ಪ್ಯಾರಿಸ್: 48.857 ಉತ್ತರ, 2.352 ಪೂರ್ವ.

ಅಕ್ಷಾಂಶದ ವ್ಯತ್ಯಾಸ 2.65. ಒಂದು ಡಿಗ್ರಿಗೆ 111.2 ಕಿ.ಮೀ. ಅಂತೆ, ದಕ್ಷಿಣಕ್ಕೆ 295 ಕಿ.ಮೀ. ರೇಖಾಂಶದ ವ್ಯತ್ಯಾಸ 2.48, ಒಂದು ಪಶ್ಚಿಮ, ಒಂದು ಪೂರ್ವ ಆದ್ದರಿಂದ ಕೂಡಬೇಕು, ಕಳೆಯಬಾರದು. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ. ಆದ್ದರಿಂದ 111.2ನ್ನು ನಡುವಿನ ಅಕ್ಷಾಂಶವಾದ 50.18ರ ಕೊಸೈನ್‌ನಿಂದ, ಅಂದರೆ 0.64ರಿಂದ ಗುಣಿಸಬೇಕು. ಬಂದದ್ದನ್ನು 2.48ರಿಂದ ಗುಣಿಸಿದರೆ ಪೂರ್ವಕ್ಕೆ ಸುಮಾರು 177 ಕಿ.ಮೀ. ಬಂತು. ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್: ಎರಡರ ವರ್ಗ ಕೂಡಿ ವರ್ಗಮೂಲ ತೆಗೆದರೆ 344.

ಐನೂರು ಕಿಲೋಮೀಟರಿನೊಳಗೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಬೆಂಗಳೂರು–ಲಂಡನ್‌ನಂಥ ದೂರಕ್ಕೆ ಬಳಸಬೇಡಿ. ಅಲ್ಲಿ ಭೂಮಿಯ ಗುಂಡನೆಯ ಆಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಹಾವೃತ್ತದ ಸೂತ್ರವೇ ಬೇಕು.